ಮಣಿಕಟ್ಟಿನ ಬಿಳಿ ದಾರ

ಉಲಮಿಲಾಳಿಗೆ ಹೇಸಿಗೆ ಹುಟ್ಟಿಸಿದ್ದು ಹೆಣವಲ್ಲ, ಅದರ ಕೊಬ್ಬು. ಸುವಾ ನಗರದ ವೈದ್ಯಕೀಯ ಕಾಲೇಜಿನಲ್ಲಿ, ಹೆಣ ಕೊಯ್ದು ಕಲಿಯುವ ಕೋಣೆಯಲ್ಲಿ, ಮೇಜಿನ ಮೇಲಿದ್ದ ಮುದುಕನ ತೋಳಿನ ಚರ್ಮ ಬಿಡಿಸಿದರೆ ಹಳದಿ ಕೊಬ್ಬು ಹರಳು ಹರಳಾಗಿ ಜೊತೆಯವರ ಕೈಗವಸಿಗೆ ಅಂಟಿಕೊಳ್ಳುತ್ತಿತ್ತು. ಕೆರೆದು ಬಕೆಟ್ಟಿಗೆ ಹಾಕಿದರೆ ಪಚಕ್ಕನೆ ಸದ್ದು. ಫಾರ್ಮಲಿನ್ ವಾಸನೆ ಮೂಗು ದಾಟಿ ನಾಲಿಗೆಗೇ ಹತ್ತುತ್ತಿತ್ತು. ಅಡಿಯಲ್ಲಿ ಬಿಚ್ಚಿಕೊಂಡ ಸ್ನಾಯುಗಳೋ, ಹಾಸ್ಟೆಲ್ಲಿನಲ್ಲಿ ಈರುಳ್ಳಿ ಹಾಕಿ ಹುರಿಯುವ ಡಬ್ಬಿ ಮಾಂಸದ ಹಾಗೆಯೇ ಎಳೆ ಎಳೆ, ಕಂದು.

ಇಷ್ಟು ದಿನವೂ ಅವಳು ಮುಟ್ಟಿರಲಿಲ್ಲ. ಹೇಗೆ ಕೊಯ್ಯಬೇಕೆಂದು ಪುಸ್ತಕ ಓದಿ ಹೇಳುವ ಕೆಲಸವನ್ನು ತಾನೇ ಕೇಳಿಕೊಂಡು, ಕೈಗವಸು ಹಾಕಿಕೊಂಡೇ ಹೆಣದ ಕಾಲ ಬಳಿ ನಿಂತುಬಿಡುತ್ತಿದ್ದಳು. ಪಾಠ ಮಾಡುವ ಡಾಕ್ಟರ್ ಕೆಸಾಯಾ ಬೆಳಿಗ್ಗೆ ಅವಳನ್ನು ಪಕ್ಕಕ್ಕೆ ಕರೆದು, ಇವತ್ತು ತೋಳಿಗೆ ಕೈ ಹಾಕದಿದ್ದರೆ ಬೇರೆ ಓದು ಹುಡುಕಿಕೊಳ್ಳುವುದೇ ಒಳ್ಳೆಯದು ಎಂದಿದ್ದರು. ಮೆತ್ತಗೆ ಹೇಳಿದ್ದೇ ಹೆಚ್ಚು ಚುಚ್ಚಿತ್ತು.

ಬ್ಲೇಡು ಹಿಡಿದವನು ಸಹಪಾಠಿ ಸಾಕಿಯುಸಾ. ಅವನ ದ್ವೀಪಕ್ಕೂ ಇವಳ ದ್ವೀಪಕ್ಕೂ ಮುತ್ತಜ್ಜಂದಿರ ಕಾಲದಿಂದ ತೌವು ನಂಟು: ಒಬ್ಬರನ್ನೊಬ್ಬರು ಏನು ಬೇಕಾದರೂ ಅಂದು ಕೆಣಕಬಹುದು, ಮುಖ ಊದಿಸಿಕೊಂಡವರದೇ ತಪ್ಪು. ಮೊದಲ ದಿನ ಹೆಣದ ಮುಂದೆ ನಡೆದ ಪ್ರಾರ್ಥನೆಯಲ್ಲಿ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಹಾಡಿ, ತಾತ ಎಂದು ಕರೆದು ಕೊಯ್ಯಲು ಮುದುಕನ ಅಪ್ಪಣೆ ಬೇಡಿದವನೂ ಅವನೇ. ಈಗ ಮುಂಗೈಯೊಳಗೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಒಂದು ಬಿಳಿ ಸ್ನಾಯುರಜ್ಜುವನ್ನು ಚಿಮಟದಲ್ಲಿ ಹಿಡಿದು ಜಗ್ಗಿದ. ಸತ್ತ ತೋರುಬೆರಳು ಮಡಚಿತು, ಬಿಚ್ಚಿತು, ಮತ್ತೆ ಮಡಚಿತು.

"ನೋಡೇ ಏಡಿಮರಿ, ತಾತ ನಿನ್ನೇ ಕರೀತಿದಾರೆ. ಮದುವೆ ಆಗ್ತೀಯಾ ಅಂತ."

ಎಲ್ಲರೂ ನಕ್ಕರು. ಉಲಮಿಲಾಳಿಗೂ ನಗು ಬಂತು. ಅದರ ಬೆನ್ನಿಗೇ ಕಣ್ಣು ಮೇಜಿನತ್ತ ಹೋಯಿತು. ಆ ಬೆರಳಿನ ಉಗುರು ಹೊಗೆಸೊಪ್ಪಿನಿಂದ ಕಂದುಗಟ್ಟಿತ್ತು. ಸಾಕಿಯುಸಾನ ಕುಚೇಷ್ಟೆಗಿಂತ, ನಕ್ಕ ತನ್ನ ಬಾಯಿಯೇ ಅವಳಿಗೆ ಅಸಹ್ಯವೆನಿಸಿತು.

ಮಣಿಕಟ್ಟಿನ ನಟ್ಟನಡುವೆ ಮೇಲುಮೇಲೆಯೇ ಓಡುವ ತೆಳು ರಜ್ಜುವೊಂದನ್ನು ಕತ್ತರಿಸಿ ಸರಿಸಿದರೆ, ಅದರಡಿಯಲ್ಲಿ ಮೀಡಿಯನ್ ನರ ಸಿಗುತ್ತದೆ. ಆ ನರವನ್ನು ಇಡಿಯಾಗಿ ತೋರಿಸುವುದೇ ಅಂದಿನ ಪಾಠ. ಸಾಕಿಯುಸಾ ಆ ರಜ್ಜುವೇ ಎಂದುಕೊಂಡು ಬಿಳಿ ದಾರವೊಂದನ್ನು ಎತ್ತಿ ಬ್ಲೇಡು ತಾಗಿಸಿದ.

ಉಲಮಿಲಾ ಓದುವಾಗ ತನ್ನ ಹೆಬ್ಬೆರಳಿಗೆ ಕಿರುಬೆರಳು ಕೂಡಿಸಿ, ಮಣಿಕಟ್ಟು ಬಗ್ಗಿಸಿ ನೋಡಿಕೊಂಡಿದ್ದಳು. ಗೆಳತಿಯರಿಗೆಲ್ಲ ಸೆಟೆದು ನಿಂತ ಆ ರಜ್ಜು ಅವಳಿಗೆ ನಿಲ್ಲಲಿಲ್ಲ. ಅದು ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ, ಅವಳಿಗೂ ಇರಲಿಲ್ಲ. ಈ ತಾತನಿಗೂ ಇಲ್ಲದಿದ್ದರೆ?

ನಿಲ್ಲು ಎಂದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಪುಸ್ತಕ ಕೆಳಗಿಟ್ಟು ಕೈ ಹಾಕಿದಳು.

ತಣ್ಣಗೆ, ಲೋಳೆಲೋಳೆ. ದಾರವನ್ನು ಜಗ್ಗಿದಳು, ತಾತನ ಬೆರಳು ಅಲುಗಲಿಲ್ಲ, ಮಣಿಕಟ್ಟು ಬಾಗಲಿಲ್ಲ. ಉಸಿರು ಬಿಗಿಹಿಡಿದು ಅದರ ಜಾಡಿನಲ್ಲೇ ಮೇಲಕ್ಕೆ ಬೆರಳು ತೂರಿಸಿದಳು. ಸ್ನಾಯುಗಳ ನಡುವಿನಿಂದ ಜಿಡ್ಡು ಜಿನುಗಿ ಕೈಗವಸಿನ ಮೇಲೆ ಹರಿಯಿತು. ರಜ್ಜುವಾಗಿದ್ದರೆ ಮೇಲೆ ಸ್ನಾಯುವಿಗೆ ಸೇರಬೇಕಿತ್ತು; ಈ ದಾರ ಎಲ್ಲಿಯೂ ಮಾಂಸವಾಗದೆ ಆಳಕ್ಕೆ ಇಳಿದುಹೋಗಿತ್ತು.

"ಲೋ ಹಂದಿತಲೆ, ಇದು ನರ ಕಣೋ. ಕುಯ್ದುಬಿಟ್ಟು ಆಮೇಲೆ ಏನು ತೋರಿಸ್ತಿದ್ದೆ, ನಿನ್ನ ಬಾಲಾನಾ?"

ಎಲ್ಲರಿಗಿಂತ ಜೋರಾಗಿ ನಕ್ಕವನು ಸಾಕಿಯುಸಾನೇ. ಕೆಸಾಯಾ ಬಂದು ಬಗ್ಗಿ ನೋಡಿದರು, ಅವಳ ಒದ್ದೆ ಕೈಗವಸನ್ನೂ ನೋಡಿದರು.

"ನಾಳೆಯಿಂದ ಬ್ಲೇಡು ನೀನೇ ಹಿಡಿಬೇಕು ಕಣಮ್ಮಾ."

ಅಂದರೆ ಅವಳು ಈ ಓದಿನಲ್ಲೇ ಉಳಿದಳು. ನಾಳೆಯೂ ಇದೇ, ಆಮೇಲೆ ಎದೆ, ಹೊಟ್ಟೆ.

ಊಟಕ್ಕೆ ಬೇಯಿಸಿದ ಮರಗೆಣಸು, ಡಬ್ಬಿ ಮಾಂಸ. ಸಾಬೂನು ಹಚ್ಚಿ, ನಿಂಬೆ ತಿಕ್ಕಿ ತೊಳೆದರೂ ಕೈ ನಾರುತ್ತಲೇ ಇತ್ತು. ಗೆಣಸಿನ ತುಂಡಿಗೆ ಕೈ ಚಾಚಿದಳು. ಒಳಗಿಂದ ಯಾರೋ ಜಗ್ಗಿದ ಹಾಗೆ ಅವಳ ತೋರುಬೆರಳು ಮಡಚಿತು.

ತಟ್ಟೆಯನ್ನು ಸಾಕಿಯುಸಾನ ಕಡೆ ತಳ್ಳಿದಳು. ಅವನು ಎರಡೂ ತಟ್ಟೆ ಖಾಲಿ ಮಾಡಿದ.