ಹೌದಣ್ಣ ‘ಇಲ್ಲ’ ಅಂದ ದಿನ

ಆ ಬೀದಿಯ ಕ್ಷೌರದಂಗಡಿಯವನಿಗೆ ಜನ ಇಟ್ಟ ಹೆಸರು ಹೌದಣ್ಣ. ಕುರ್ಚಿಯಲ್ಲಿ ಕೂತವರು ಸೆಖೆ ಅಂದರೂ ಹೌದು, ಚಳಿ ಅಂದರೂ ಹೌದು. ಕುತ್ತಿಗೆಗೆ ಕತ್ತಿ ಹಿಡಿದುಕೊಂಡು ಗಿರಾಕಿಯ ಹತ್ತಿರ ವಾದ ಮಾಡಬಾರದು ಎಂಬುದು ಅವನ ಲೆಕ್ಕ.

ಒಂದು ರಾತ್ರಿ ಎದುರಿನ ಗಡಿಯಾರದಂಗಡಿಯ ಹಿಂಗೋಡೆಗೆ ಕನ್ನ ಬಿತ್ತು. ಅದೇ ಅಂಗಡಿಯ ಮುಂದಿನ ಜಗಲಿಯಲ್ಲಿ ಮಲಗುತ್ತಿದ್ದ ಹಮಾಲಿ ಬೆಳಿಗ್ಗೆ ಅಲ್ಲಿರಲಿಲ್ಲ ಎಂಬ ಅನುಮಾನದ ಮೇಲೆ ಅವನನ್ನು ಪೊಲೀಸರು ಹಿಡಿದುಕೊಂಡು ಹೋದರು. ಬೀದಿಗೆಲ್ಲ ಮೊದಲು ಬಾಗಿಲು ತೆರೆಯುವವನು ಹೌದಣ್ಣ. ನಾಳೆ ವಿಚಾರಣೆಗೆ ಬಾ ಎಂದು ಅವನಿಗೂ ಠಾಣೆಯಿಂದ ಕರೆ ಬಂತು.

ಹೌದಣ್ಣ ಬಟ್ಟೆ ಗಂಟು ಕಟ್ಟತೊಡಗಿದ. “ನಿನ್ನ ತವರಿಗೆ ಹೋಗಿಬಿಡ್ತೀನಿ ಕಣೇ.”

“ಕರೆದಾಗೆಲ್ಲ ಬರದೋರು ಈಗ ಹೊರಟ್ರಾ?” ಎಂದ ಹೆಂಡತಿ ಪಕ್ಕದ ಮನೆಯ ವಕೀಲಮ್ಮನನ್ನು ಕರೆತಂದಳು. ಆಕೆ ಉಚಿತ ಕಾನೂನು ನೆರವು ಕೇಂದ್ರದಲ್ಲಿ ಕೆಲಸ ಮಾಡುವವರು.

“ವಿಚಾರಣೆ ಅಂದ್ರೆ ಏನಂದ್ಕೊಂಡಿದ್ದೀರಿ ಹೌದಣ್ಣ?”

“ಇನ್ನೇನಮ್ಮ? ಕೂಗಾಡ್ತಾರೆ, ಮೇಜು ಗುದ್ದುತ್ತಾರೆ. ಅವರು ಹೇಳಿದ್ದಕ್ಕೆಲ್ಲ ನಾವು ಹೂಂ ಅನ್ನಬೇಕು.”

“ಅಲ್ಲ. ವಿಚಾರಣೆ ಅಂದ್ರೆ ಕೇಳೋದು. ಗದರಿಸಿ ಕೇಳಿದ್ರೂ ಅದು ಕೇಳೋದೇ, ಶಿಕ್ಷೆ ಅಲ್ಲ. ಹೊಡೆಯೋಕೆ, ಹೆದರಿಸಿ ಒಪ್ಪಿಸೋಕೆ ಯಾರಿಗೂ ಅಧಿಕಾರ ಇಲ್ಲ. ಕಂಡಿದ್ದು ಹೇಳಿ, ಕಾಣದ್ದಕ್ಕೆ ಇಲ್ಲ ಅನ್ನಿ. ಬರೆದುಕೊಂಡಿದ್ದನ್ನ ಓದಿಸಿ ಕೇಳಿ, ಸಾಕ್ಷಿಯ ಹೇಳಿಕೆಗೆ ಸಹಿ ಹಾಕಬೇಕಾಗಿಲ್ಲ. ಓಡಿಹೋದ್ರೆ ಅನುಮಾನ ನಿಮ್ಮ ಮೇಲೇ ಬರುತ್ತೆ. ನಾನೂ ಜೊತೆಗೆ ಬರ್ತೀನಿ.”

“ಇಲ್ಲ ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ವಲ್ಲಮ್ಮ!”

“ಪಾತ್ರೆ ತೊಳೀರಿ ಅಂದಾಗ ಚೆನ್ನಾಗೇ ಬರುತ್ತೆ,” ಎಂದಳು ಹೆಂಡತಿ.

ಮರುದಿನ ಠಾಣೆಯಲ್ಲಿ ಅಧಿಕಾರಿ ಮೇಜು ಗುದ್ದಿಯೇ ಗುದ್ದಿದರು. “ಹಮಾಲಿ ಬೆಳಿಗ್ಗೆ ಓಡಿಹೋಗಿದ್ದನ್ನ ನೋಡಿದೀಯ ತಾನೆ? ಹೌದು ಅನ್ನಯ್ಯ!”

‘ಹೌದು’ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಹೌದಣ್ಣ ಪಕ್ಕದಲ್ಲಿದ್ದ ವಕೀಲಮ್ಮನನ್ನು ನೋಡಿದ.

“ಇಲ್ಲ ಸ್ವಾಮಿ. ಅವನು ಓಡಿಹೋಗ್ಲಿಲ್ಲ. ಜಗಲಿ ಮೇಲೆ ಗೊರಕೆ ಹೊಡೀತಿದ್ದ. ಹೊತ್ತಾಯ್ತು ಅಂತ ನಾನೇ ಎಬ್ಬಿಸಿ ಕೆಲಸಕ್ಕೆ ಕಳಿಸಿದೆ.”

ಅಧಿಕಾರಿ ತಿರುಗಿಸಿ ಮುರುಗಿಸಿ ಕೇಳಿದರು. ಹೌದಣ್ಣನದು ಅದೇ ಮಾತು. ಕೊನೆಗೆ ಅವರು ಅದನ್ನೇ ಬರೆದುಕೊಂಡು, ಓದಿ ಹೇಳಿದರು.

ಸಂಜೆ ಬಿಡುಗಡೆಯಾದ ಹಮಾಲಿ ನೆಟ್ಟಗೆ ಕ್ಷೌರದಂಗಡಿಗೆ ಬಂದ. ವಕೀಲಮ್ಮನೂ ಹೆಂಡತಿಯೂ ಅಲ್ಲೇ ಇದ್ದರು. ಹೌದಣ್ಣನ ಎರಡೂ ಕೈ ಹಿಡಿದುಕೊಂಡು, “ಅಣ್ಣಾ, ನೀನು ಹೆದರಿದ್ದಿದ್ರೆ ನಾನು ಒಳಗೇ ಇರ್ತಿದ್ದೆ,” ಎಂದ.

“ನನಗಲ್ಲಪ್ಪ, ಈ ತಾಯಿಗೆ ಕೈಮುಗಿ,” ಎಂದು ಹೌದಣ್ಣ ವಕೀಲಮ್ಮನನ್ನು ತೋರಿಸಿದ. ತಾನೂ ಮುಗಿದ.

“ಇನ್ಮೇಲೆ ಇಲ್ಲಣ್ಣ ಅಂತ ಕರೀಲಾ?” ಎಂದು ಹೆಂಡತಿ ನಕ್ಕಳು.

“ಹೌದು ಹೌದು!”

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮಗೂ ಇಂಥ ಕರೆ ಬಂದರೆ ಗಂಟು ಕಟ್ಟಬೇಡಿ. ಹತ್ತಿರದ ಕಾನೂನು ನೆರವು ಕೇಂದ್ರದ ಬಾಗಿಲು ತಟ್ಟಿ. ಹೆದರಿ ಅಂದ ಒಂದು ‘ಹೌದು’ ಪಕ್ಕದವರನ್ನು ಕಂಬಿಯ ಹಿಂದೆ ಕೂರಿಸೀತು. ಕಂಡಷ್ಟನ್ನೇ ಹೇಳಿ.