ಕಾಗದದ ಹೂವಿಗೆ ನೀರು

ನರ್ಸರಿಯವನು ಗುಲಾಬಿ ತೋರಿಸಿದ್ದೇ ತಡ, ನನಗೆ ಪಿತ್ತ ನೆತ್ತಿಗೇರಿತು. "ಕಾದ ತಾರಸಿ ಕಣಪ್ಪಾ, ಬರಿಗಾಲಲ್ಲಿ ನಿಂತರೆ ಬೊಬ್ಬೆ ಏಳುತ್ತೆ. ಅಲ್ಲಿ ತಡಕೊಂಡು ಹೂ ಬಿಡೋದು ಏನಿದೆ, ಅದನ್ನ ಹೇಳು" ಅಂದೆ.

ಟೇಬಲ್ ರೋಸ್ ತೋರಿಸಿದ. ಬಿಸಿಲೇರಿದಷ್ಟೂ ಅರಳುತ್ತಂತೆ. ಆದರೆ ಗೇಣುದ್ದದ್ದು, ಮಲಗಿದವಳಿಗೆ ಕಿಟಕಿಯಲ್ಲಿ ಕಾಣಬೇಕಲ್ಲ! ನನ್ನ ತಂಗಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮಹಡಿ ಮೇಲಿನ ಒಂದೇ ಕೋಣೆ ಗಂಡ ಹೆಂಡತಿಯದು, ಕಿಟಕಿಯಾಚೆ ತಾರಸಿ. ಡಾಕ್ಟರು "ಇನ್ನು ಮನೇಲೇ ನೋಡ್ಕೊಳ್ಳಿ" ಅಂದ ಮೇಲೆ ಅವಳು ಕೇಳಿದ್ದು ಒಂದೇ: "ಬರೀ ಬಿಸಿಲು ನೋಡಿ ಸಾಕಾಗಿದೆ ಅಕ್ಕ, ಒಂದು ಹೂವು ಕಾಣೋ ಹಾಗೆ ಮಾಡು." ಕಣಗಿಲೆ ಎತ್ತರವೇನೋ ಸರಿ, ಅದರ ವಾಸನೆಗೆ ಅವಳಿಗೆ ಹೊಟ್ಟೆ ತೊಳೆಸುತ್ತೆ. ಕೊನೆಗೆ ಎದೆಮಟ್ಟದ ಕಾಗದದ ಹೂವಿನ ಗಿಡ, ಅದೇ ಬೋಗನ್‌ವಿಲ್ಲಾ, ಆರಿಸಿದೆ. ಆಗಿನ್ನೂ ಹೂವಿರಲಿಲ್ಲ.

"ಇದಕ್ಕೆ ನೀರು ಹಾಕೋದ್ರಲ್ಲಿ ಕೈ ಬಿಗಿ ಹಿಡೀಬೇಕಮ್ಮ," ಅಂದ ನರ್ಸರಿಯವನು. "ಎಲೆ ಬಾಡಿ ಜೋತುಬಿದ್ದ ಮೇಲೇ ಒಂಚೂರು. ಕನಿಕರ ಪಟ್ಟು ಸುರಿದಿರೋ, ಬರೀ ಸೊಪ್ಪು ಬರುತ್ತೆ."

ಈ ಮಾತನ್ನ ತಂಗಿ ಗಂಡನಿಗೆ ಒಂದಲ್ಲ ಹತ್ತು ಸಲ ಹೇಳಿದೆ. ಅವನು ಟೈಲರ್. ಅವಳ ಮಂಚದ ಪಕ್ಕಕ್ಕೇ ಮಿಷನ್ ಎಳಕೊಂಡು ಹೊಲೀತಿದ್ದ. ಅವಳ ನೀರಿನ ಉಸ್ತುವಾರಿಯೂ ಅವನದೇ. ದಿನಕ್ಕೆ ಎರಡು ಲೋಟ, ಹೆಚ್ಚಾದರೆ ಮೈ ಊದಿ ಉಸಿರು ಕಟ್ಟುತ್ತಿತ್ತು. "ಒಂದೇ ಗುಟುಕು ರೀ" ಅಂತ ಅವಳು ಕೇಳೋಳು. ಇವನು ತಲೆ ಬಗ್ಗಿಸಿ ಮಿಷನ್ ತುಳಿಯೋನು.

ಗಿಡ ಮಾತ್ರ ಮದುವೆ ಗಂಡಿನ ಹಾಗೆ ಮಿಂಚ್ತಾ ಬೆಳೀತು. ಹಸಿರೋ ಹಸಿರು, ಹೆಸರಿಗೊಂದು ಮೊಗ್ಗಿಲ್ಲ. ತಂಗಿ ದಿನಾ ಬೆಳಗ್ಗೆ ತಲೆ ಎತ್ತಿ ನೋಡೋಳು, ಮತ್ತೆ ದಿಂಬಿಗೆ ಇಡೋಳು. ಆ ನರ್ಸರಿಯವನಿಗೆ ನಾನು ಮನಸ್ಸಲ್ಲೇ ಮಂಗಳಾರತಿ ಎತ್ತಿದೆ.

ಒಂದು ಮಧ್ಯಾಹ್ನ ಒಣಗಿದ ಬಟ್ಟೆ ತರೋಣ ಅಂತ ತಾರಸಿಗೆ ಹೋದರೆ, ಟೈಲರ್ ಗಿಡದ ಬುಡಕ್ಕೆ ಕೊಡ ಬಗ್ಗಿಸ್ತಿದ್ದಾನೆ.

"ತಲೇಲಿ ಮಣ್ಣು ತುಂಬ್ಕೊಂಡಿದೀಯಾ?" ಅಂದೆ. "ಅವಳು ಹೂವು ನೋಡಬೇಕೋ ಬೇಡವೋ?"

"ಅವಳು ನೀರು ಕೇಳ್ತಾಳೆ, ಇಲ್ಲ ಅಂತೀನಿ. ದಿನಾ ಇಲ್ಲ ಅಂತೀನಿ ಅಕ್ಕ. ಆಚೆ ಬಂದರೆ ಇದೂ ಬಾಡಿ ನಿಂತಿರುತ್ತೆ. ಇದಕ್ಕೂ ಇಲ್ಲ ಅನ್ನೋಕೆ ನನ್ನ ಕೈಲಾಗಲ್ಲ."

ಕಿಟಕಿ ತೆರೆದೇ ಇತ್ತು, ತಂಗಿಗೆ ಎಲ್ಲಾ ಕೇಳಿಸಿತ್ತು. ನಾನು ಒಳಗೆ ಹೋದಾಗ ನನ್ನ ಸೆರಗು ಹಿಡಿದಳು.

"ಅವರನ್ನ ಬೈಬೇಡಕ್ಕ. ಹಾಕ್ಲಿ ಬಿಡು. ನನಗೇನು ಹೂವು ಬೇಡ."

ಸುಳ್ಳು. ಅವಳಿಗೆ ಬೇಕೇ ಬೇಕಿತ್ತು. ಆಮೇಲೆ ಅವನನ್ನ ನಾನು ತಡೀಲಿಲ್ಲ.

ಹೂವು ನೋಡದೇ ಹೋದಳು ನನ್ನ ತಂಗಿ.

ಆಮೇಲೆ ಆ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಒಲೆ ಹಚ್ಚಿದವರಿಲ್ಲ, ಇನ್ನು ಗಿಡದ ನೆನಪು ಯಾರಿಗೆ? ವಾರಗಳು ಕಳೆದು ತಾರಸಿ ಬಾಗಿಲು ತೆಗೆದರೆ, ಅರ್ಧ ಎಲೆ ಉದುರಿ ಗಿಡದ ತುಂಬಾ ಕೆಂಪು ಹೂವು. ಟೈಲರ್ ನನ್ನ ಹಿಂದೆಯೇ ಬಂದ. ಹೂವು ನೋಡಿ ಒಳಗಿಂದ ಕೊಡ ತಂದ, ಆದರೆ ಬಗ್ಗಿಸಲಿಲ್ಲ.

"ಹಾಕ್ಲಾ ಅಕ್ಕ? ಹೂವು ಹೋಗಿಬಿಡುತ್ತೇನೋ," ಅಂದ.

"ಹೋದರೆ ಹೋಗಲಿ," ಅಂದೆ. "ಹಾಕಪ್ಪ."