ಮುರಿದ ಏಣಿಗೆ ಹೊಸ ನಂಬರು

"ಕತ್ತೆಗಳಾ, ಪುಸ್ತಕ ಓದೋಕೆ ಏನು ದಾಡಿ ನಿಮಗೆ? ಹಳೇ ನಂಬರು ಹಾಕಿದ್ರೆ ಫೈಲು ವಾಪಸ್ ಬರುತ್ತೆ ಅಂತ ಬಾಯಿ ಬಡ್ಕೊಂಡಿಲ್ವಾ ನಾನು?"

ಮೇಲ್ವಿಚಾರಕ ಫೈಲನ್ನು ನನ್ನ ಮುಂದೆ ಎಸೆದ. ನಾವು ಅವನಿಗಿಟ್ಟ ಹೆಸರು ಗಡಿಯಾರ. ಯಾರು ಎಷ್ಟು ನಿಮಿಷ ಕಕ್ಕಸಿಗೆ ಹೋಗಿದ್ದರೆಂಬುದು ಅವನಿಗೆ ಬಾಯಿಪಾಠ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹನ್ನೊಂದು ಹೆಂಗಸರು ಕೂತು, ವೈದ್ಯರು ಬರೆದ ಕಾಯಿಲೆಗಳಿಗೆ, ಗಾಯವಾದರೆ ಅದು ಎಲ್ಲಿ ಹೇಗಾಯಿತೆಂಬುದಕ್ಕೂ, ನಂಬರು ಹಾಕುತ್ತೇವೆ. ಕಾಯಿಲೆಗಳು ಹಳೆಯವೇ. ನಂಬರುಗಳು ಮಾತ್ರ ವರ್ಷವರ್ಷ ಬದಲಾಗುತ್ತವೆ, ಇಟ್ಟಿಗೆ ದಪ್ಪದ ಹೊಸ ಪುಸ್ತಕ ಬರುತ್ತದೆ. ಅದನ್ನು ರಜೆಯ ದಿನ ಒಲೆಯ ಮುಂದೆ ಓದಿ ಪರೀಕ್ಷೆ ಬರೆಯಬೇಕು. ಫೇಲಾದರೆ ಕೆಲಸವಿಲ್ಲ. ಗಡಿಯಾರನಿಗೆ ಪರೀಕ್ಷೆಯೂ ಇಲ್ಲ, ಪುಸ್ತಕವೂ ಬೇಕಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಹೋದ ವಾರ ಹಳೆಯ ಪುಸ್ತಕಗಳನ್ನು ಅಟ್ಟಕ್ಕೆ ಹಾಕಲು ನನ್ನ ಪಕ್ಕದ ಕುರ್ಚಿಯ ಅಕ್ಕನನ್ನು ಏಣಿ ಹತ್ತಿಸಿದ.

"ಮೆಟ್ಟಿಲು ಮುರಿದಿದೆ ಸಾರ್" ಎಂದಳು.

"ತಿಂದು ತಿಂದು ಊದಿದೀಯ, ಏಣಿ ಮೇಲೆ ತಪ್ಪು ಹಾಕ್ತೀಯಾ? ಹತ್ತೇ!"

ಹತ್ತಿದಳು, ಬಿದ್ದಳು. ಸೊಂಟದ ಮೂಳೆ ಮುರಿದು ಈಗ ಮೂರನೇ ಮಹಡಿಯಲ್ಲಿ ಮಲಗಿದ್ದಾಳೆ. ಅವತ್ತು ಮನೆಗೆ ಹೋದವಳು ನಾನು ಹೊಸ ಪುಸ್ತಕದಲ್ಲಿ ಏಣಿಗಳ ಪುಟವನ್ನು ಎರಡು ಸಲ ಓದಿದೆ.

ಇವತ್ತು ಮಧ್ಯಾಹ್ನ ಅವಳದೇ ಫೈಲು ನನ್ನ ಮೇಜಿಗೆ ಬಂತು. ಕೆಲಸದಲ್ಲಿ ಬಿದ್ದಳೆಂದು ದಾಖಲಾದರೆ ಚಿಕಿತ್ಸೆ ಆಸ್ಪತ್ರೆಯದು, ನೌಕರಿಯೂ ಉಳಿಯುತ್ತದೆ. ಮನೆಯಲ್ಲಿ ಎಂದಾದರೆ ಎರಡೂ ಇಲ್ಲ.

ಗಡಿಯಾರ ಕುರ್ಚಿಯ ಹಿಂದೆ ಬಂದು ನಿಂತ. "ಮನೆ ಬಚ್ಚಲಲ್ಲಿ ಜಾರಿಬಿದ್ಲು ಅಂತ ಹಾಕು."

"ನಾವೆಲ್ಲ ಕಣ್ಣಾರೆ ನೋಡಿದ್ವಲ್ಲ ಸಾರ್."

"ಸಂಬಳ ಕೊಡ್ತಿರೋದು ನಿನ್ನ ಕಣ್ಣಿಗಲ್ಲ, ಬೆರಳಿಗೆ. ಹಾಕೇ, ಮುಂಡೇದೇ!"

ನಂಬರು ಹಾಕಿದೆ. ಪರದೆಯಲ್ಲಿ ನಂಬರಷ್ಟೇ ಕಾಣುತ್ತದೆ, ಅದರ ಅರ್ಥ ಪುಸ್ತಕದಲ್ಲಿರುತ್ತದೆ.

"ಹಳೇದಲ್ಲ ತಾನೆ?"

"ಈ ವರ್ಷದ್ದೇ ಸಾರ್."

ಅವನು ಬಗ್ಗಿ, ತುಟಿಯಲ್ಲೇ ಅಂಕಿ ಎಣಿಸಿ, ತಲೆಯಾಡಿಸಿ, ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿದ. ಅದು ಬಿದ್ದ ಮೇಲೆ ಫೈಲನ್ನು ಯಾರೂ ತಿದ್ದುವಂತಿಲ್ಲ.

"ನೋಡು, ಬೈದ್ರೇನೇ ನಿಮಗೆ ಬುದ್ಧಿ ಬರೋದು" ಎಂದ.

ನಾನು ಪುಸ್ತಕ ತೆರೆದು ಅವನ ಕೈಗಿಟ್ಟೆ. "ಈ ಸಾಲು ಓದಿ ಸಾರ್. ಜೋರಾಗಿ."

"ಕೆಲಸದ ಜಾಗದಲ್ಲಿ... ಮುರಿದ ಏಣಿಯಿಂದ..." ಅವನ ಮುಖ ಬಿಳಿಚಿತು.

"ಹೋದ ವರ್ಷ ಎಲ್ಲಾ ಏಣಿಗೂ ಒಂದೇ ನಂಬರಿತ್ತು ಸಾರ್. ಈ ಸಲ ಮುರಿದಿದ್ದಕ್ಕೆ ಬೇರೆ ಕೊಟ್ಟಿದಾರೆ."

"ಥೂ ಬೇವರ್ಸಿ! ಎದ್ದು ಆಚೆ ನಡಿಯೇ!"

ಎದ್ದೆ. ಹಿಂದೆ ಒಂಬತ್ತು ಕುರ್ಚಿಗಳು ಒಟ್ಟಿಗೆ ಕಿರುಗುಟ್ಟಿದವು.

"ಏಯ್, ನೀವೆಲ್ಲ ಎಲ್ಲಿಗ್ರೇ ಹೊರಟ್ರಿ?"

ಕೊನೇ ಸಾಲಿನ ಅಜ್ಜಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿತು:

"ಮೂರನೇ ಮಹಡಿಗೆ, ಅವಳಿಗೆ ಹೇಳ್ಬೇಕಲ್ಲಪ್ಪ. ನಿಮಿಷ ಎಣಿಸ್ತಾ ಕೂತಿರು."